ಟಗರಿನ ಪ್ರಭಾವಳಿ

ರಾಮನಗರದಲ್ಲಿ ಫ್ಲೆಕ್ಸ್ ಡಿಸೈನ್ ಅಂಗಡಿ ಇಟ್ಟ ಮೇಲೆ ನಗೋಕೆ ನಾನೆಲ್ಲೂ ಹೋಗಬೇಕಾಗಿಲ್ಲ, ನಗುವೇ ಆರ್ಡರ್ ಕೊಡೋಕೆ ಬರುತ್ತದೆ. ಹೊಸ ಮಾನಿಟರ್ ತಂದ ವಾರವಂತೂ ಕೇಳಲೇಬೇಡಿ.

ಒರೆಸಿದ್ದು

ಮಾನಿಟರ್ ಪರೀಕ್ಷೆಗೆಂದೇ ಒಂದು ಚಿತ್ರ ಇರುತ್ತದೆ. ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ. ನಡುವೆ ಬಣ್ಣ ನುಣ್ಣಗೆ ತಿಳಿಯಾಗುತ್ತಾ ಹೋಗಬೇಕು. ನನ್ನದರಲ್ಲಿ ಪಟ್ಟೆ ಪಟ್ಟೆಯಾಗಿ ಕಾಣುತ್ತಿತ್ತು. ಬಣ್ಣ ನಂಬಿಕೊಂಡೇ ಅನ್ನ ತಿನ್ನೋನು ನಾನು. ಊಟ ಮುಗಿಸಿ ಬಂದರೆ ಅಮ್ಮ ಒದ್ದೆ ಬಟ್ಟೆ ಹಿಡಿದು ಸ್ಕ್ರೀನ್ ಉಜ್ಜುತ್ತಿದ್ದರು.

"ಹೊಸಾದು ಅಂತೀಯ, ಎಲ್ಲಾ ಗೀಟು ಗೀಟು. ಎಷ್ಟುಜ್ಜಿದ್ರೂ ಹೋಯ್ತಾನೇ ಇಲ್ಲ ಕಣಪ್ಪ."

ಹಾಲು ಜಾಸ್ತಿ

ಮಾರಿದವನನ್ನು ಕರೆಸಿದೆ. ಬಗ್ಗಿ ನೋಡಿ, "ನಂಗೇನೂ ಪಟ್ಟೆ ಕಾಣ್ತಿಲ್ಲ ಸಾರ್. ನಿಮ್ ಮನೆಯವ್ರನ್ನ ಬುಟ್ಟು ಬೇರೆ ಯಾರಾದ್ರೂ ಕಾಣ್ತದೆ ಅಂದ್ರೆ ಬದಲಾಯಿಸಿ ಕೊಡ್ತೀನಿ. ಇವತ್ತೇ ಕಡೇ ದಿನ" ಅಂದ. ಪಕ್ಕದ ಟೀ ಅಂಗಡಿಯವರನ್ನು ಎಳೆದು ತಂದೆ. ಅವರು ಕಣ್ಣು ಕಿರಿದು ಮಾಡಿ ತುಂಬ ಹೊತ್ತು ನೋಡಿ ತೀರ್ಪು ಕೊಟ್ಟರು.

"ಎಡಗಡೆ ಡಿಕಾಕ್ಷನ್ ಸರ್ಯಾಗೈತೆ. ಬಲಗಡೆ ಹಾಲು ಒಸಿ ಜಾಸ್ತಿ ಆಗೋಗೈತೆ."

ಕೊನೇ ಸಾಕ್ಷಿ

ಮಾರಿದವನು ನಗುತ್ತಾ ಬೈಕ್ ಕೀ ತೆಗೆದ. ಅಷ್ಟರಲ್ಲಿ ಕೈಲಾಂಚದಲ್ಲಿ ಕುರಿ ಸಾಕುವ ಯಜಮಾನರೊಬ್ಬರು ಫ್ಲೆಕ್ಸ್ ಸುರುಳಿ ಕಂಕುಳಲ್ಲಿಟ್ಟುಕೊಂಡು ಒಳಗೆ ನುಗ್ಗಿದರು. ಅವರ ಟಗರಿನ ಹುಟ್ಟುಹಬ್ಬದ ಬ್ಯಾನರ್ ಅದು. ತಲೆಯ ಹಿಂದೆ ಹಳದಿಯಿಂದ ಕೆಂಪಿಗೆ ತಿರುಗುವ ಬೆಳಕು ಹಾಕಿದ್ದೆ. ಪ್ರಿಂಟ್‌ನಲ್ಲಿ ಬೆಣ್ಣೆಯಂತೆ ಬಂದಿತ್ತು.

"ಏನ್ ಸ್ವಾಮಿ, ಮೋಸ ಮಾಡ್ಬುಟ್ರಿ. ಮೊನ್ನೆ ಈ ಟೀವೀಲಿ ತೋರಿಸ್ದಾಗ ತಲೆ ಸುತ್ತ ಬಳೆ ಬಳೆಯಾಗಿ ಪ್ರಭಾವಳಿ ಇತ್ತು. ಫ್ಲೆಕ್ಸಲ್ಲಿ ಎಲ್ಲೋಯ್ತು?"

ಬಳೆಗಳೆಲ್ಲ ಮಾನಿಟರಿನ ದೋಷ, ಫ್ಲೆಕ್ಸಿಗೆ ಎಲ್ಲಿಂದ ಬರಬೇಕು? ನನಗೆ ಅವರ ಕಾಲಿಗೆ ಬೀಳುವಷ್ಟು ಖುಷಿಯಾಯಿತು. ಮಾನಿಟರಿನಲ್ಲಿ ಟಗರಿನ ಚಿತ್ರ ತೆರೆದು, "ಯಜಮಾನ್ರೇ, ಇವರಿಗೆ ಒಸಿ ತೋರಿಸಿ" ಅಂದೆ. ಅವರು ಒಂದೊಂದು ಬಳೆಯ ಮೇಲೂ ಬೆರಳಿಟ್ಟು ತೋರಿಸಿದರು. ಮಾರಿದವನು ತೆಪ್ಪಗೆ ಹೋಗಿ ಬೇರೆ ಮಾನಿಟರ್ ತಂದು ಜೋಡಿಸಿದ. ಬಣ್ಣ ನುಣ್ಣಗೆ ಹರಿಯಿತು. ನಾನು ಕುಣಿಯೋದೊಂದು ಬಾಕಿ.

ಯಜಮಾನರ ಮುಖ ಮಾತ್ರ ಸಪ್ಪಗಾಯಿತು. ಮಾರಿದವನು ಹಳೇದನ್ನು ರಟ್ಟಿನ ಪೆಟ್ಟಿಗೆಗೆ ಹಾಕಲು ಹೋದಾಗ ಅಡ್ಡ ನಿಂತರು.

"ಅದನ್ನ ನಂಗೆ ಕೊಡಪ್ಪ. ಫ್ಲೆಕ್ಸೇ ಬ್ಯಾಡ. ನಾಳೆ ನಮ್ ಟಗರು ಪಕ್ಕ ಈ ಟೀವೀನೇ ನಿಲ್ಲಿಸ್ಬುಡ್ತೀನಿ."