ಹುಳ ತಿನ್ನುವುದು ಏನನ್ನು?

ನೆಮೆಸಿಯೋ ಬೆಳಿಗ್ಗೆ ಹಿತ್ತಲ ಹೊಲಕ್ಕೆ ಹೋಗಿ ಮುಸುಕಿನ ಜೋಳದ ತೆನೆಯ ಸಿಪ್ಪೆ ಸರಿಸಿ ನೋಡಿದರೆ, ಎಳ್ಳಿನಷ್ಟು ಕರಿಯ ಹುಳಗಳು ಮದುವೆಮನೆಯ ನೆಂಟರ ಹಾಗೆ ಆರಾಮಾಗಿ ಕೂತಿದ್ದವು. ಮರುದಿನವೇ ಚರ್ಚಿನಲ್ಲಿ ಮೊಮ್ಮಗಳ ಜ್ಞಾನಸ್ನಾನ. ಅರವತ್ತು ಜನಕ್ಕೆ ಈ ಎಳೆ ಜೋಳ ರುಬ್ಬಿ ಸಿಪ್ಪೆಯಲ್ಲಿ ಸುತ್ತಿ ಬೇಯಿಸುವ ತಮಾಲೆ ಕಡುಬು, ಜೊತೆಗೆ ತೆನೆಗಳ ಮೇಲೆ ಉಬ್ಬಿದ ಕಪ್ಪು ಬೂಷ್ಟಿನ ಪಲ್ಯ. ತ್ಲಾಸ್ಕಾಲಾ ಸೀಮೆಯಲ್ಲಿ ಆ ಬೂಷ್ಟಿಲ್ಲದ ಊಟ ಊಟವೇ ಅಲ್ಲ.

ಬೇಲಿಯಾಚೆಯಿಂದ ನೆರೆಮನೆಯ ಹಿರಿಯಾಕೆ ದೋನ್ಯಾ ಎಯುಫ್ರಾಸಿಯಾ ಕತ್ತು ಚಾಚಿದಳು. "ಜೋಳ ತಿನ್ನೋ ಹುಳ ಕಣಪ್ಪ ಇದು! ತೆನೆ ಎಲ್ಲ ಕಿತ್ತುಬಿಡು."

"ಏನು ಮಾತಾಡ್ತೀಯಮ್ಮ!" ಎಂದ ಈಚೆ ಮನೆಯ ಟ್ರಾಂಕಿಲಿನೋ. "ಇದು ಬೂಷ್ಟು ತಿನ್ನೋದು. ಬೂಷ್ಟು ಕೆರೆದು ಎಸಿ ಮಾರಾಯ, ಜೋಳ ಉಳಿಯುತ್ತೆ."

"ನಾನು ಬರೋ ತನಕ ಯಾರೂ ಕೈ ಹಚ್ಚಬೇಡಿ!" ಎಂದು ಒಂಬತ್ತು ಹುಳಗಳನ್ನು ಸೀಸೆಗೆ ತುಂಬಿಕೊಂಡು ನೆಮೆಸಿಯೋ ಪಟ್ಟಣದ ಬಸ್ಸು ಹತ್ತಿದ.

ಕೃಷಿ ಕಚೇರಿಯ ಇಂಜಿನಿಯರಮ್ಮ ರೆಫೂಹಿಯೋ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟವಳು ಒಂದು ಗಂಟೆ ತಲೆ ಎತ್ತಲಿಲ್ಲ.

"ಈ ಹುಳದಲ್ಲಿ ಜೋಳ ತಿನ್ನೋ ಜಾತಿ ಒಂದಿದೆ, ಬೂಷ್ಟು ತಿನ್ನೋ ಜಾತಿ ಒಂದಿದೆ. ಗಂಡಾಗಿದ್ರೆ ಯಾವುದು ಅಂತ ಹೇಳಬಹುದಿತ್ತು. ನೀವು ತಂದಿರೋದೆಲ್ಲ ಹೆಣ್ಣು."

"ಗಂಡನ್ನೇ ತರ್ತೀನಿ ಬಿಡಿ. ಗುರುತು ಹೇಗಮ್ಮ?"

"ಹೊಟ್ಟೆ ಸೀಳಿ ನೋಡಬೇಕು."

"ಸೀಳಿದ ಮೇಲೆ ತರಬೇಕೋ, ತಂದ ಮೇಲೆ ಸೀಳಬೇಕೋ?"

ಇಂಜಿನಿಯರಮ್ಮ ಊಟಕ್ಕೆದ್ದಳು.

ಬಸ್ಸಿನುದ್ದಕ್ಕೂ ಹುಳಗಳ ಗಂಡುಹೆಣ್ಣು ಲೆಕ್ಕ ಹಾಕುತ್ತ ಅವನ ತಲೆ ರುಬ್ಬುಗುಂಡಾಯಿತು. ಇಳಿದು ನೋಡಿದರೆ ಹೊಲದಲ್ಲಿ ಊರಿಗೆ ಊರೇ ನೆರೆದಿತ್ತು. ಬಾಣಲೆಯಿಂದ ಹೊಗೆ ಏಳುತ್ತಿತ್ತು. ಎಲ್ಲ ಸಾಲಿನಲ್ಲೂ ತೆನೆಯಿಲ್ಲದ ಬರೀ ದಂಟು ನಿಂತಿತ್ತು.

"ಕೈ ಹಚ್ಚಬೇಡಿ ಅಂದಿರಲಿಲ್ವೇ?"

"ನಿನಗೋಸ್ಕರವೇ ಕಣಪ್ಪ," ಎಂದಳು ಎಯುಫ್ರಾಸಿಯಾ ಬಾಯಿ ಒರೆಸಿಕೊಳ್ಳುತ್ತ. "ಹುಳ ಏನು ತಿಂದಿದೆಯೋ ಅದರ ರುಚಿ ಹುಳದ ಮೈಗೆ ಇಳಿದೇ ಇಳಿಯುತ್ತೆ ಅಲ್ವಾ? ಹುಳ ಹುರಿದು ರೊಟ್ಟಿಗಿಟ್ಟು ತಿಂದೆವು."

"ಜೋಳ?"

"ಹೋಲಿಸಿ ನೋಡಬೇಕಲ್ಲ!" ಎಂದ ಟ್ರಾಂಕಿಲಿನೋ. "ಜೋಳ ಒಂದು ತುತ್ತು, ಬೂಷ್ಟು ಒಂದು ತುತ್ತು, ಹುಳ ಒಂದು ತುತ್ತು. ಹೀಗೇ."

ನೆಮೆಸಿಯೋಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ಕೊನೆಗೆ ಏನು ಗೊತ್ತಾಯ್ತು?"

"ಜೋಳದ್ದೇ ರುಚಿ," ಎಂದಳು ಅವಳು.

"ಅಪ್ಪಟ ಬೂಷ್ಟು," ಎಂದ ಇವನು.

"ಜಗಳ ಬೇಡ ಅಂತ ಪಾದ್ರಿಗಳನ್ನೇ ಕರೆಸಿದೆವು," ಎಯುಫ್ರಾಸಿಯಾ ದನಿ ತಗ್ಗಿಸಿದಳು. "ಎಂಟು ರೊಟ್ಟಿ ತಿಂದರು. ಇನ್ನೆರಡು ತಿಂದರೆ ಖಚಿತವಾಗಿ ಹೇಳ್ತೀನಿ ಅಂದರು. ಅಷ್ಟರಲ್ಲಿ ಎಲ್ಲ ಮುಗಿದೇ ಹೋಯ್ತು!"