ಚಿಕ್ಕಪ್ಪನ ಮನೆಗೆ ಒಪ್ಪುವ ದೋಣಿ

ನಮ್ಮ ಚಿಕ್ಕಪ್ಪ ಮನುಷ್ಯರ ಮುಖ ನೋಡಿ ಮಾತಾಡಿದ್ದನ್ನು ನಾನು ಹೆಚ್ಚು ಕಂಡವಳಲ್ಲ. ಅವರು ನೋಡುತ್ತಿದ್ದುದು ಎದುರಿನವರ ತಲೆಯಿಂದ ನಾಲ್ಕು ಮೊಳ ಮೇಲೆ, ಅವರ ಮನೆಯ ಸೂರನ್ನು. ಆ ಸೂರಿಗೆ ಮಳೆನೀರು ಹಿಡಿಯುವ ತಗಡಿನ ದೋಣಿ ಹಾಕಿದ್ದಾರೋ ಇಲ್ಲವೋ, ಹಾಕಿದ್ದರೆ ಅದು ಮನೆಯ ಮಾಟಕ್ಕೆ ಒಪ್ಪುತ್ತದೋ ಇಲ್ಲವೋ ಎಂಬುದು ತೀರ್ಮಾನವಾದ ಮೇಲೆಯೇ ಅವರು ಚೆನ್ನಾಗಿದ್ದೀರಾ ಎಂದು ಕೇಳುತ್ತಿದ್ದುದು. ಶಿವಮೊಗ್ಗದಲ್ಲಿ ಅವರಿಗೆ ಹೆಸರಿನಿಂದ ಗೊತ್ತಿದ್ದ ಜನ ಹತ್ತು ಮಂದಿಯಾದರೆ, ಸೂರಿನಿಂದ ಗೊತ್ತಿದ್ದವರು ಇನ್ನೂರು ಮಂದಿ.

ಅವರಿಗೆ ಕೆಲಸ ಭದ್ರಾವತಿಯಲ್ಲಿ, ಕಬ್ಬಿಣದ ಕಾರ್ಖಾನೆಯಲ್ಲಿ. ಎರಕ ಹೊಯ್ಯುವ ಮೊದಲು ಅಚ್ಚಿಗೆ ಬೇಕಾದ ಮರದ ಮಾದರಿ ಕೆತ್ತುವುದು. ಬೆಳಿಗ್ಗೆ ರೈಲು ಹತ್ತಿ ಹೋಗಿ ದಿನವಿಡೀ ಗುಂಡಗಿನದು, ಚೌಕದ್ದು, ಬಾಗಿದ್ದು ಕೆತ್ತಿ ಸಂಜೆ ರೈಲಿಗೆ ವಾಪಸು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೆ ಒಂದು ಮಣ ಕಬ್ಬಿಣ ಹಾಳಾಗುವ ಕೆಲಸ. ಅಂಥ ಕಣ್ಣನ್ನು ಸಂಜೆ ಕಾರ್ಖಾನೆಯಲ್ಲೇ ಬಿಟ್ಟು ಬಾ ಎಂದರೆ ಯಾರಿಗಾದರೂ ಆಗುತ್ತದೆಯೇ?

ನಾಡಹಂಚಿನ ಮನೆಗೆ ಅರ್ಧಗುಂಡಗಿನ ದೋಣಿಯೇ ಆಗಬೇಕು, ಏಕೆಂದರೆ ಹಂಚೇ ಗುಂಡಗಿದೆ. ಮಂಗಳೂರು ಹಂಚಿನ ಮನೆಗೆ ಚೌಕದ ದೋಣಿ, ಅದೂ ಸೂರಿನ ಹಲಗೆಯ ಬಣ್ಣದ್ದು. ತಾರಸಿ ಮನೆಗೆ ದೋಣಿ ಹಾಕುವವನು ಬೋಳುತಲೆಗೆ ಹೂ ಮುಡಿಸುವವನು. ಅಲ್ಲಿ ಗೋಡೆಯಿಂದ ಹೊರಚಾಚಿದ ಕಲ್ಲಿನ ಬಾಯಿಯೇ ಸಾಕು. ಇದು ಚಿಕ್ಕಪ್ಪನ ಶಾಸ್ತ್ರ.

ನನ್ನ ಮದುವೆಗೆ ಭದ್ರಾವತಿಯ ಒಂದು ಸಂಬಂಧ ಬಂತು. ಮನೆತನ ನೋಡಿ ಬರಲು ಅಪ್ಪನ ಜೊತೆ ಚಿಕ್ಕಪ್ಪನೂ ಹೋದರು. ತಿರುಗಿ ಬಂದಾಗ ಅಮ್ಮ ಆತುರದಿಂದ ಹುಡುಗ ಹೇಗಿದ್ದಾನೆ ಎಂದು ಕೇಳಿದಳು. ಚಿಕ್ಕಪ್ಪ ಬಹಳ ಹೊತ್ತು ಯೋಚಿಸಿ, "ಹುಡುಗನ್ನ ಅಷ್ಟು ಗಮನಿಸಲಿಲ್ಲ ಅತ್ತಿಗೆ. ನಾಡಹಂಚಿನ ಮನೆಗೆ ಚೌಕದ ದೋಣಿ ಹೊಡೆದಿದಾರೆ. ನಮ್ಮ ಹುಡುಗಿ ಅಲ್ಲಿ ಹೇಗೆ ಇರ್ತಾಳೋ ನಂಗೊತ್ತಿಲ್ಲ" ಎಂದರು. ಅಮ್ಮ ಗಾಬರಿಯಾದಳು. ಅಪ್ಪ ನಕ್ಕು ಮಾತು ಕೊಟ್ಟುಬಿಟ್ಟರು. ಮದುವೆಯಾದ ಮೊದಲ ಮಳೆಗಾಲದಲ್ಲೇ ಆ ಚೌಕದ ದೋಣಿ ತುಂಬಿ, ಬಾಗಿ, ಕಳಚಿಕೊಂಡು, ಹೊಸ್ತಿಲು ಪೂಜೆ ಮಾಡುತ್ತಿದ್ದ ನಮ್ಮತ್ತೆಯವರಿಗೆ ಎರಡನೇ ಸಲ ಸ್ನಾನ ಮಾಡಿಸಿತು. ನಾನು ಹೋಗಿ ಚಿಕ್ಕಪ್ಪನಿಗೆ ಹೇಳಿದರೆ ಅವರು ಸಂತೋಷಪಡಲಿಲ್ಲ. ನೆಂಟರ ಮನೆಯಲ್ಲಿ ಸಾವಾದ ಸುದ್ದಿ ಕೇಳಿದಂತೆ ತಲೆಯಾಡಿಸಿದರು.

ಸಾವಿನ ಮನೆಯಲ್ಲೂ ಅವರು ಬೇರೆಯಾಗೇನೂ ಇರುತ್ತಿರಲಿಲ್ಲ. ಒಮ್ಮೆ ಅವರ ಸ್ನೇಹಿತರೊಬ್ಬರು ತೀರಿಕೊಂಡಾಗ ಮಾತಾಡಿಸಿಕೊಂಡು ಬರಲು ಹೋದವರು, ಅಂಗಳದಲ್ಲಿ ಮಳೆಗೆ ನಿಂತು ಮೇಲೆ ನೋಡಿದರು. ನೋಡುತ್ತಲೇ ಇದ್ದರು. ಮುಖದ ಮೇಲೆ ನೀರು ಇಳಿಯುತ್ತಿತ್ತು. ಶಿವನ ಪಾದ ಸೇರಿದ ಗೆಳೆಯನನ್ನು ಆಕಾಶದಲ್ಲಿ ಹುಡುಕುತ್ತಿದ್ದಾರೆಂದು ತಿಳಿದು ಹೆಂಗಸರು ಇನ್ನೊಂದು ಸಲ ಅತ್ತರು. ಕೊನೆಗೆ ಅವರು ತೀರಿಕೊಂಡವರ ಮಗನ ಹೆಗಲ ಮೇಲೆ ಕೈಯಿಟ್ಟು, ನೀರಿಳಿಯುವ ಕೊಳವೆಯನ್ನು ಮುಂದಿನ ಕಂಬದ ಹಿಂದಕ್ಕೆ ಸರಿಸಿದರೆ ಮನೆಗೆ ಒಂದು ಕಳೆ ಬರುತ್ತದೆಂದು ಮೆಲ್ಲಗೆ ಹೇಳಿದರಂತೆ.

ಇಷ್ಟು ತಿಳಿದವರ ಸ್ವಂತ ಮನೆಗೆ ಎಂಥ ದೋಣಿ ಇದ್ದಿರಬೇಕು? ಯಾವುದೂ ಇರಲಿಲ್ಲ.

ಆ ಮನೆ ಮೂರು ಕಾಲದಲ್ಲಿ ಮೂರು ಜನ ಕಟ್ಟಿದ್ದು. ಮುಂದಿನ ಜಗಲಿಗೆ ಮಂಗಳೂರು ಹಂಚು, ನಡುಮನೆಗೆ ನಾಡಹಂಚು, ಅಡುಗೆಮನೆಗೆ ತಗಡು. ಯಾವ ದೋಣಿ ತಂದರೂ ಒಂದಕ್ಕೆ ಒಪ್ಪಿದರೆ ಇನ್ನೆರಡಕ್ಕೆ ಒಪ್ಪದು. ಚಿಕ್ಕಪ್ಪ ಮರದಲ್ಲಿ ಗೇಣುದ್ದದ ಮಾದರಿಗಳನ್ನು ಕೆತ್ತಿ, ಏಣಿ ಹತ್ತಿ ಸೂರಿಗೆ ಹಿಡಿದು, ಇಳಿದು ರಸ್ತೆಯ ಆಚೆಗೆ ಹೋಗಿ ನೋಡಿ, ತಲೆಯಲ್ಲಾಡಿಸಿ ಅಟ್ಟಕ್ಕೆ ಎಸೆಯುತ್ತಿದ್ದರು. ಹೀಗೆ ಮೂರು ಮಳೆಗಾಲ ಕಳೆದವು. ಸೂರಿನ ನೀರೆಲ್ಲ ನೇರ ಬಾಗಿಲ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಸುರಿದು ಅದು ಪಾಚಿಗಟ್ಟಿ ಹಸಿರಾಯಿತು. ಮಕ್ಕಳಿಲ್ಲದ ಮನೆ. ಆಷಾಢದಲ್ಲಿ ಮಧ್ಯಾಹ್ನವೇ ಕತ್ತಲೆ, ಒಣಗದ ಸೀರೆಯ ವಾಸನೆ, ನೀರು ಬೀಳುವ ಒಂದೇ ಸದ್ದು. ಚಿಕ್ಕಮ್ಮ ಆ ಕಲ್ಲಿಗೆ ದಿನಾ ಬೂದಿ ಎರಚಿ ಉಜ್ಜುತ್ತಿದ್ದರು, ಮೇಲೆ ಗೋಣಿತಾಟು ಹಾಸುತ್ತಿದ್ದರು. ಏನಾದರೊಂದು ಹಾಕಿಸಿ ಎಂದು ಕೇಳಿ ಕೇಳಿ, ಕೇಳುವುದನ್ನೇ ಬಿಟ್ಟಿದ್ದರು.

ಗಾಂಧಿ ಬಜಾರಿನಲ್ಲಿ ತಗಡಿನ ಕೆಲಸದ ಸಾಹೇಬರೊಬ್ಬರಿದ್ದರು, ಬಹಳ ತಾಳ್ಮೆಯವರು. ಚಿಕ್ಕಪ್ಪನಿಗೆಂದು ಅವರು ಮಾಡಿದ ನಮೂನೆಗಳೇ ಅಂಗಡಿಯ ಒಂದು ಗೋಡೆ ತುಂಬಿದ್ದವು. ಒಂದು ದಿನ ಅವರಿಗೂ ಸಾಕಾಯಿತು.

"ಸ್ವಾಮಿ, ಇದು ನೀರು ಹೋಗೋಕೋ, ನೋಡೋಕೋ?"

"ನೀರು ಹೋಗೋದು ನಾಲ್ಕು ತಿಂಗಳು ಸಾಹೇಬ್ರೇ. ನೋಡೋದು ಹನ್ನೆರಡು ತಿಂಗಳು."

ಈ ಮಾತನ್ನು ನಮ್ಮ ನೆಂಟರಲ್ಲಿ ಎಷ್ಟೋ ಸಲ ಹೇಳಿಕೊಂಡು ನಕ್ಕಿದ್ದೇವೆ. ನಾನೂ ನಕ್ಕಿದ್ದೇನೆ. ನಾಲ್ಕನೆಯ ಮಳೆಗಾಲದ ನಂತರ ಮಾತ್ರ ಯಾರೂ ನಗಲಿಲ್ಲ.

ಆ ಮಳೆಗಾಲದ ಮೊದಲಲ್ಲಿ ಒಂದು ಬೆಳಿಗ್ಗೆ ಚಿಕ್ಕಪ್ಪ ಛತ್ರಿ ಮರೆತು ರೈಲಿಗೆ ಹೊರಟಿದ್ದರು. ಚಿಕ್ಕಮ್ಮ ಅದನ್ನು ಹಿಡಿದು ಕೂಗುತ್ತ ಬಾಗಿಲು ದಾಟಿದರು. ಗೋಣಿತಾಟು ಜಾರಿತು. ಬೀದಿಯ ತಿರುವಿನಲ್ಲಿ ಯಾರದೋ ಹೊಸ ಮನೆಯ ಸೂರು ನೋಡುತ್ತ ನಿಂತಿದ್ದ ಚಿಕ್ಕಪ್ಪನಿಗೆ ಹೆಂಡತಿಯ ಕೂಗು ಕೇಳಿಸಿರಲಿಲ್ಲ. ಪಕ್ಕದ ಮನೆಯಾಕೆ ಓಡಿ ಬಂದು ತೋಳು ಹಿಡಿದು ಎಳೆದ ಮೇಲೆಯೇ ಅವರು ತಿರುಗಿದ್ದು. ಚಿಕ್ಕಮ್ಮ ಚಪ್ಪಡಿಯ ಮೇಲೆ, ಸೂರಿನ ನೀರಿನ ಕೆಳಗೇ ಬಿದ್ದಿದ್ದರು. ಎತ್ತಲು ಹೋದರೆ ನೋವಿಗೆ ಚೀರಿಕೊಂಡರಂತೆ. ತೊಡೆಯ ಮೂಳೆ ಸೊಂಟದ ಬುಡದಲ್ಲೇ ಮುರಿದಿತ್ತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿಸಿ, ಕೊನೆಗೆ ಇನ್ನು ನಡೆಯುವ ಆಸೆ ಬೇಡ ಎಂದು ಡಾಕ್ಟರು ಹೇಳಿದರು.

ಅದನ್ನು ಕೇಳಿದ ದಿನವೇ ಚಿಕ್ಕಪ್ಪ ಸಾಹೇಬರ ಅಂಗಡಿಗೆ ಹೋದರು. ನಾಲ್ಕು ದಿನ ಕೊಟ್ಟರೆ ಮೂರು ಸೂರಿಗೂ ಹೊಂದುವಂತೆ ಮಾಡಿಕೊಡುವೆನೆಂದು ಸಾಹೇಬರು ಕೇಳಿಕೊಂಡರಂತೆ. ಚಿಕ್ಕಪ್ಪ ಕಾಯಲಿಲ್ಲ. ಯಾರದೋ ಕೊಟ್ಟಿಗೆಯಿಂದ ಬಿಚ್ಚಿ ತಂದ ತುಕ್ಕಿನ ಚೌಕದ ದೋಣಿ ಮೂಲೆಯಲ್ಲಿ ಬಿದ್ದಿತ್ತು. ಅದನ್ನೇ ಹೊತ್ತು ತಂದು, ಉದ್ದ ಸಾಲದ ಕಡೆಗೆ ಸೀಮೆಎಣ್ಣೆ ಡಬ್ಬದ ತಗಡು ಸೇರಿಸಿ, ತಂತಿ ಬಿಗಿದು, ಮಳೆಯಲ್ಲಿ ನೆನೆಯುತ್ತ ಒಬ್ಬರೇ ಹೊಡೆದರು. ಇಡೀ ಶಿವಮೊಗ್ಗದಲ್ಲಿ ಅಷ್ಟು ಕುರೂಪದ ದೋಣಿ ಇನ್ನೊಂದಿರಲಿಲ್ಲ. ಅಕ್ಕಪಕ್ಕದವರು ಬಂದು ನೋಡಿ ಹೋದರು.

ಅದು ಕೆಲಸ ಮಾಡಿತು. ಒಂದು ಹನಿಯೂ ಚಪ್ಪಡಿಯ ಮೇಲೆ ಬೀಳಲಿಲ್ಲ. ಸುತ್ತ ಮಳೆ ಹೊಯ್ಯುತ್ತಿದ್ದರೆ ಆ ಕಲ್ಲೊಂದು ಒಣಗಿ ಬೆಳ್ಳಗೆ ಕಾಣುತ್ತಿತ್ತು. ಚಿಕ್ಕಮ್ಮ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೆಂದು ಚಿಕ್ಕಪ್ಪ ನನ್ನಪ್ಪನ ಬಳಿ ಒಮ್ಮೆ ಹೇಳಿಕೊಂಡರಂತೆ.

ಆ ದೀಪಾವಳಿ ಕಳೆದ ಮೇಲೆ ನಾನು ಭದ್ರಾವತಿಯಿಂದ ಹೇಳದೆ ಕೇಳದೆ ಅವರನ್ನು ನೋಡಲು ಹೋದೆ. ಹಿಂಗಾರಿನ ಮೋಡ ಕವಿದ ದಿನ. ಬಾಗಿಲು ಓರೆಯಾಗಿತ್ತು. ಮಂಚದ ಮೇಲೆ ಚಿಕ್ಕಮ್ಮ ದಿಂಬಿಗೆ ಪಕ್ಕವಾಗಿ ಒರಗಿ ಕೂತಿದ್ದರು, ಬೆನ್ನ ಹಿಂದೆ ಚಿಕ್ಕಪ್ಪ, ಕೈಯಲ್ಲಿ ಬಾಚಣಿಗೆ, ಹಲ್ಲಿನಲ್ಲಿ ಕಚ್ಚಿಕೊಂಡ ಕಪ್ಪು ಟೇಪು. ಅವರು ಹೆಂಡತಿಗೆ ಜಡೆ ಹೆಣೆಯುತ್ತಿದ್ದರು.

"ಬಲಗಡೆ ಸಡಿಲ ಆಯ್ತು ನೋಡಿ" ಎಂದರು ಚಿಕ್ಕಮ್ಮ.

ಚಿಕ್ಕಪ್ಪ ಪೂರ್ತಿ ಬಿಚ್ಚಿದರು. ಮತ್ತೆ ಮೂರು ಕಾಲು ಮಾಡಿ ಹೆಣೆದರು.

"ನಿಮ್ಗೆ ಹೊತ್ತಾಗಲ್ವಾ?"

"ರಜ ಹಾಕಿದೀನಿ, ಕೂತ್ಕೊ ಮಾರಾಯ್ತಿ."

ಚಿಕ್ಕಮ್ಮ ಕೈ ಹಿಂದಕ್ಕೆ ಚಾಚಿ ಜಡೆಯನ್ನು ಮೇಲಿನಿಂದ ಕೆಳಗಿನವರೆಗೆ ಮುಟ್ಟಿ ನೋಡಿದರು. ನಾನು ನಿಂತಲ್ಲಿಂದ ಅದು ಸೊಟ್ಟಗೇ ಕಾಣುತ್ತಿತ್ತು. "ಚೆನ್ನಾಗಿ ಬಂದಿದೆ, ಸಾಕು ಬಿಡಿ" ಎಂದರು ಅವರು. ಚಿಕ್ಕಪ್ಪ ತುದಿಗೆ ಟೇಪು ಕಟ್ಟಿದರು. ಕಟ್ಟಿಯಾದ ಮೇಲೂ ಜಡೆಯ ತುದಿಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕೂತಿದ್ದರು. ಚಿಕ್ಕಮ್ಮನೂ ಎಳೆದುಕೊಳ್ಳಲಿಲ್ಲ. ನಾನು ಕರೆಯದೆ, ಜಗಲಿಯ ಮೇಲೆ ಹೋಗಿ ಕೂತೆ.