ಭಾವನ ಫೋನಿಗೆ ಪುರಾಣ ಹತ್ತಿಸಿದ್ದು

ಒಳ್ಳೆಯ ಕೆಲಸಕ್ಕೆ ಕೈ ಹಾಕಿದಾಗಲೆಲ್ಲ ನನಗೆ ಏನಾದರೊಂದು ಆಗಿಯೇ ತೀರುತ್ತದೆ. ಕೆಟ್ಟ ಕೆಲಸ ಮಾಡಿ ನೋಡಿಲ್ಲ. ಅದು ಬಹುಶಃ ಸಲೀಸಾಗಿ ನಡೆಯುತ್ತಿರಬೇಕು.

ಗಡಿಯಾಚೆಯ ಜಹೀರಾಬಾದಿನ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಫ್ಲೆಕ್ಸು, ಜೆರಾಕ್ಸು. ತೆಲುಗು, ಉರ್ದು, ಇಂಗ್ಲಿಷಿಗೆ ಗಿರಾಕಿಗಳು ಬರುತ್ತಾರೆ. ಕನ್ನಡ ಬೇಕೆಂದು ಬರುವವರು ಅಪರೂಪ, ಬಂದರೆ ಹೆಚ್ಚಾಗಿ ದಾರಿ ಕೇಳಲು ಬಂದಿರುತ್ತಾರೆ.

ನನ್ನ ಅಕ್ಕನನ್ನು ತಾಂಡೂರಿಗೆ ಕೊಟ್ಟಿದ್ದೇವೆ. ಭಾವ ಕರಣಕೋಟದ ಸಿಮೆಂಟ್ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರು. ಶ್ರಾವಣ ಬಂತೆಂದರೆ ಓಣಿಯ ಗುಡಿಯಲ್ಲಿ ಪುರಾಣ ಓದುವವರು ಅವರೇ. ನಾರಾಯಣಖೇಡದ ಕಡೆಯ ಒಂದು ಮಠದ ಹಿಂದಿನ ಗುರುಗಳ ಚರಿತ್ರೆ ಅದು, ಹಳೆಯ ಕನ್ನಡ ಪುಸ್ತಕ. ಆಮೇಲೆ ಭಾವನ ಕಣ್ಣಿನ ನರ ಒಣಗಿತು. ಮೊದಲು ಸಣ್ಣ ಅಕ್ಷರ ಹೋಯಿತು, ಆಮೇಲೆ ದೊಡ್ಡ ಅಕ್ಷರ, ಕೊನೆಗೆ ಪುಸ್ತಕವೇ ಹೋಯಿತು. ಈಗ ಓದುವವರು ಊಟದ ಹೊತ್ತಾದರೆ ಪುಟ ಹಾರಿಸುತ್ತಾರೆ ಎಂಬ ಸಂಕಟ ಬೇರೆ.

ಫೋನು ತನ್ನ ಮೇಲೆ ಬರೆದದ್ದನ್ನು ತಾನೇ ಗಟ್ಟಿಯಾಗಿ ಓದಿ ಹೇಳುತ್ತದೆಂದು ಗೊತ್ತಾದ ದಿನ ಅವರು ನನಗೆ ಹೇಳಿದ್ದು ಇಷ್ಟೇ: "ತಮ್ಮಾ, ನಮ್ಮ ಪುರಾಣ ಇದರಾಗ ಹಾಕಿ ಕೊಡು. ಒಂದು ಶ್ರಾವಣರೆ ನಾ ಮತ್ತ ಓದಬೇಕು."

ಅದೇನು ಮಹಾ ಎಂದುಕೊಂಡೆ.

ಒಂದೇ ಮಾತು

ವಿಚಾರಿಸಿದರೆ ಪುರಾಣ ಆಗಲೇ ಮಠದ ವೆಬ್‌ಸೈಟಿನಲ್ಲಿತ್ತು. ಪುಣ್ಯ ಎಂದುಕೊಂಡು ಭಾವನಿಗೆ ತಿಳಿಸಿದೆ. ಅವರು ಸ್ನಾನ ಮಾಡಿ, ವಿಭೂತಿ ಹಚ್ಚಿ, ಫೋನನ್ನು ಮಣೆಯ ಮೇಲಿಟ್ಟು ಕೂತರು. ಫೋನು ಓದಲು ಶುರು ಮಾಡಿತು. "ಚಿತ್ರ." ಬೆರಳು ಸರಿಸಿದರು. "ಚಿತ್ರ." ಮತ್ತೆ ಸರಿಸಿದರು. "ಚಿತ್ರ." ಯಾರೋ ಪುಟಪುಟದ ಫೋಟೋ ತೆಗೆದು ಏರಿಸಿದ್ದರು, ಒಳಗೆ ಓದಲು ಒಂದಕ್ಷರವೂ ಇರಲಿಲ್ಲ. ಭಾವ ಮಾತ್ರ ಕೊನೆಯ ಪುಟದವರೆಗೂ ಕೇಳಿದ್ದರು, ಎಲ್ಲಾದರೂ ಗುರುಗಳು ಸಿಕ್ಕಾರೆಂದು.

ನಾನು ನಾರಾಯಣಖೇಡಕ್ಕೆ ಹೋಗಿ ಮಠದ ಕಮಿಟಿಯ ಅಧ್ಯಕ್ಷರಿಗೆ ವಿಷಯ ಹೇಳಿದೆ. ಕಣ್ಣಿಲ್ಲದವರಿಗೆ ಈ ಫೋಟೋಗಳಿಂದ ಉಪಯೋಗವಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅವರು ಸಮಾಧಾನವಾಗಿ ಕೇಳಿ, ಚಹಾ ತರಿಸಿ, ನನ್ನ ಭುಜ ತಟ್ಟಿದರು. "ಅವರಿಗಿ ಕಾಣವಲ್ದಂದ್ರ ಚಿಂತಿ ಮಾಡಬ್ಯಾಡ್ರಿ. ಫೋಟೋ ಇನ್ನಾ ದೊಡ್ಡವು ಮಾಡಸ್ತೀವಿ."

ಅಕ್ಕನ ಭಕ್ತಿ

ಆಮೇಲೆ ಆ ಪುಸ್ತಕ ಅಚ್ಚಾದ ಪ್ರೆಸ್ಸಿನವರ ಹತ್ತಿರ ಮರುಮುದ್ರಣಕ್ಕೆಂದು ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಒಂದಿಷ್ಟು ಅಧ್ಯಾಯ ಸಿಕ್ಕವು. ತೆರೆದು ನೋಡಿದೆ, ಮುತ್ತಿನಂಥ ಕನ್ನಡ. ಖುಷಿಯಲ್ಲಿ ಹಾಗೇ ಕಳಿಸಿಬಿಟ್ಟೆ. ಅದು ಹಳೆಯ ಕಾಲದ ಫಾಂಟು. ನೋಡುವವರಿಗೆ ಕನ್ನಡ, ಒಳಗೆ ಯಂತ್ರಕ್ಕೆ ಮಾತ್ರ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಫೋನಿಗೆ ಕಣ್ಣಿಲ್ಲವಲ್ಲ, ಅದು ಒಳಗಿದ್ದದ್ದನ್ನೇ ಓದಿತು. ಜೆಡ್, ಕ್ಯೂ, ಹ್ಯಾಷ್, ಎಫ್, ಮತ್ತೆ ಹ್ಯಾಷ್.

ಭಾವ ಕಂಗಾಲಾಗಿ ನಿಲ್ಲಿಸಲು ಹೋದರೆ, ಒಳಗಿದ್ದ ಅಕ್ಕ ರೊಟ್ಟಿಹಿಟ್ಟಿನ ಕೈಯಲ್ಲೇ ಬಂದು ಕೈಮುಗಿದು ಕೂತಳಂತೆ. ಯಾವುದೋ ಬೀಜಮಂತ್ರ ಎಂದುಕೊಂಡಿದ್ದಾಳೆ. ಮುಗಿಯುವವರೆಗೂ ಕಣ್ಣು ಮುಚ್ಚಿ ಕೇಳಿ, ಎದ್ದು ಹೋಗುವಾಗ ಗಂಡನಿಗೆ ಹೇಳಿದಳಂತೆ: "ನೀವು ಓದೋದಕ್ಕಿಂತ ಇದೇ ಛಲೋ ಅದರಿ. ನಿಮ್ಮದು ತಿಳಿತಿತ್ತು, ಅದಕ್ಕ ಭಕ್ತಿ ಬರ್ತಿದ್ದಿಲ್ಲ."

ಮರದ ಗುರುಗಳು

ಇಷ್ಟಾದ ಮೇಲೆ ಬುದ್ಧಿವಂತರು ಬಿಟ್ಟುಬಿಡುತ್ತಾರೆ. ನಾನು ಫೋಟೋ ನೋಡಿ ಅಕ್ಷರ ಗುರುತಿಸುವ ಒಂದು ಸಾಫ್ಟ್‌ವೇರ್ ಹಚ್ಚಿದೆ. ಕನ್ನಡದ ಠ ಮತ್ತು ರ, ಹೊಟ್ಟೆಯೊಳಗಿನ ಚುಕ್ಕೆಯೊಂದನ್ನು ಬಿಟ್ಟರೆ ಅಣ್ಣತಮ್ಮಂದಿರು. ಹಳೆಯ ಅಚ್ಚಿನಲ್ಲಿ ಆ ಚುಕ್ಕೆ ಅಳಿಸಿ ಹೋಗಿತ್ತು. ಅದರಿಂದ ಗುರುಗಳು ಎಳೆಯ ವಯಸ್ಸಿನಲ್ಲೇ ತಂದೆತಾಯಿಯನ್ನು ತೊರೆದು ಮರ ಸೇರಿದರು. ಊರವರು ಎಷ್ಟು ಬೇಡಿಕೊಂಡರೂ ಮರ ಬಿಟ್ಟು ಬರಲಿಲ್ಲ. ಮುಂದೆ ಮರಕ್ಕೆ ಉತ್ತರಾಧಿಕಾರಿಯನ್ನೂ ನೇಮಿಸಿದರು.

ಭಾವ ಫೋನ್ ಮಾಡಿ, ಇಷ್ಟು ವರ್ಷ ತಾವೇ ಓದಿದ ಪುರಾಣದಲ್ಲಿ ಇದು ಇರಲಿಲ್ಲವಲ್ಲ ಎಂದರು. ನನಗೆ ಅಂಗಡಿಯಲ್ಲಿ ಲಗ್ನಪತ್ರಿಕೆಗಳ ಅವಸರ. ಎಲ್ಲೆಲ್ಲಿ 'ಮರ' ಇದೆಯೋ ಅಲ್ಲೆಲ್ಲ 'ಮಠ' ಮಾಡು ಎಂದು ಕಂಪ್ಯೂಟರಿಗೆ ಒಂದೇ ಆಜ್ಞೆ ಕೊಟ್ಟೆ. ಅದು ಚಾಚೂ ತಪ್ಪದೆ ಪಾಲಿಸಿತು. ಹಿತ್ತಲ ಮಾವಿನ ಮರ ಮಾವಿನ ಮಠವಾಯಿತು. ಚಾಮರ ಬೀಸುವವರು ಚಾಮಠ ಬೀಸಿದರು. ಮರುದಿನ ಭಾವನದೇ ಫೋನು. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದಣಿವಿತ್ತು.

"ತಮ್ಮಾ, ಜನನ ಮಠಣ ಅಂತದ. ಸಾವಿಗೂ ಒಂದು ಮಠ ಕಟ್ಟಿಸಿ ಬಿಟ್ಟಿಯಲ್ಲೋ."

ಮನುಷ್ಯನೋ ಅಲ್ಲವೋ

ಆಷಾಢವಿಡೀ ಕೂತು ಒಂದೊಂದೇ ಸಾಲು ತಿದ್ದಿದೆ. ದೇವರು ಎಲ್ಲ ಕಡೆ ಇದ್ದಾನೆ ಅನ್ನುತ್ತಾರೆ. ಭಾವನ ಫೋನಿನೊಳಗೆ ಹೋಗಲು ಮಾತ್ರ ಅವನಿಗೂ ದಾರಿ ಸಿಕ್ಕಿಲ್ಲ ಅನ್ನಿಸುತ್ತಿತ್ತು. ತಿದ್ದಿದ್ದನ್ನು ವೆಬ್‌ಸೈಟಿಗೆ ಹಾಕಿ ಎಂದು ಮಠಕ್ಕೆ ಒಯ್ದರೆ ಅಧ್ಯಕ್ಷರು ನಿಟ್ಟುಸಿರು ಬಿಟ್ಟರು. ಈ ಕಡೆ ಕಣ್ಣಿದ್ದವರೇ ಕನ್ನಡ ಓದುವುದಿಲ್ಲ, ಕಣ್ಣಿಲ್ಲದವರಿಗೇಕೆ ಇಷ್ಟು ಒದ್ದಾಟ ಎಂದರು. ನಾನು ಕೂತಲ್ಲಿಂದ ಏಳಲಿಲ್ಲ. ನನ್ನ ಮುಖ ನೋಡಲಾರದೆ ಅವರೇ ಒಪ್ಪಿಕೊಂಡರು. ಆದರೆ ಯಾರೂ ಕದಿಯಬಾರದೆಂದು ಬಾಗಿಲಿಗೆ ಒಂದು ಕಾವಲು ಹಾಕಿಸಿದರು.

ಕಾವಲು ಎಂದರೆ ನಿಮಗೂ ಗೊತ್ತು. ನೀನು ಯಂತ್ರವಲ್ಲ ಎಂದು ತೋರಿಸು, ಕೆಳಗಿನ ಚಿತ್ರಗಳಲ್ಲಿ ಬಸ್ ಇರುವವನ್ನು ಒತ್ತು ಅನ್ನುತ್ತದಲ್ಲ, ಅದು. ಭಾವ ಅಂದಾಜಿನ ಮೇಲೆ ಅಲ್ಲಿಲ್ಲಿ ಒತ್ತಿದರು. ತಪ್ಪು ಅಂದಿತು. ಮತ್ತೆ ಒತ್ತಿದರು. ಮತ್ತೆ ತಪ್ಪು. ಕೊನೆಗೆ ನನಗೆ ಫೋನ್ ಮಾಡಿದರು.

"ದಿನಾ ಮನಿ ಮುಂದ ಹೋಗೋ ಕೊಡಂಗಲ್ ಬಸ್ಸೇ ನನಗ ಕಾಣವಲ್ದು, ಇದರಾಗಿಂದು ಎಲ್ಲಿಂದ ತೋರಸ್ಲಿ? ಕಣ್ಣಿಲ್ಲಂದ್ರು, ಆತು ಅಂದೆ. ಈಗ ಗುರುಗಳ ಬಾಗಲಾಗ ನಿಂದರಿಸಿ, ನೀ ಮನಷ್ಯಾನೇ ಅಲ್ಲ ಅನ್ನಾಕತ್ತದ."

ಶ್ರಾವಣದ ಕೊನೆಯ ದಿನ

ಕಡೆಗೆ ನಾನೇ ತಾಂಡೂರಿಗೆ ಹೋಗಿ ಇಡೀ ಪುರಾಣವನ್ನು ಅವರ ಫೋನಿಗೆ ಇಳಿಸಿಕೊಟ್ಟೆ. ಗುಡಿಯವರು ಮೊದಲು ಹಿಂದುಮುಂದು ನೋಡಿದರು. ಆಮೇಲೆ ಕೊನೆಯ ದಿನದ ಅಧ್ಯಾಯ, ಅಂದರೆ ಗುರುಗಳು ಲಿಂಗೈಕ್ಯರಾಗುವ ಭಾಗವನ್ನು, ಭಾವನಿಗೇ ಬಿಟ್ಟುಕೊಟ್ಟರು.

ಭಾವ ಇಸ್ತ್ರಿ ಮಾಡಿದ ಧೋತರ ಉಟ್ಟು ಕೂತರು. ಒಂದು ಕಿವಿಯಲ್ಲಿ ಇಯರ್‌ಫೋನು. ಫೋನು ಒಂದು ತುಣುಕು ಹೇಳುತ್ತದೆ, ಇವರು ಅದನ್ನು ಹಿಡಿದು ತಮ್ಮ ಹಳೆಯ ರಾಗದಲ್ಲಿ ಎಳೆದು ಹೇಳುತ್ತಾರೆ. ಎಲ್ಲೂ ತಡವರಿಸಲಿಲ್ಲ. ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು. ಅಕ್ಕ ಕಂಬದ ಹಿಂದೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಗಿದ್ದೆಲ್ಲ ಆಗಲಿ, ಇದೊಂದು ದಂಡಕ್ಕೆ ಹೋಗಲಿಲ್ಲ ಅಂದುಕೊಂಡೆ.

ಕಥೆ ಕೊನೆಗೆ ಬಂತು. ಗುರುಗಳು ಹಾಸಿಗೆ ಹಿಡಿದಿದ್ದಾರೆ. ಶಿಷ್ಯರು ಸುತ್ತ ಕೂತು ಅಳುತ್ತಿದ್ದಾರೆ. ಭಾವ ದನಿ ತಗ್ಗಿಸಿದರು. "ಆಗ ಗುರುಗಳು ಮೆಲ್ಲನೆ ಕಣ್ತೆರೆದು, ಶಿಷ್ಯರನ್ನು ಬಳಿಗೆ ಕರೆದು, ಈ ಪ್ರಕಾರ ನುಡಿದರು..." ಒಂದು ಗಳಿಗೆ ತಡೆದು, ಕಿವಿಗೆ ಬಿದ್ದ ಮುಂದಿನ ಮಾತನ್ನು ಅದೇ ಕರುಣರಾಗದಲ್ಲಿ ಎಳೆದರು. "ಬ್ಯಾಟರಿ... ಹದಿನೈದು ಪರ್ಸೆಂಟ್ ಮಾತ್ರ... ಉಳಿದಿದೆ..."

ಹೇಳಿ ಮುಗಿದ ಮೇಲೆ ಅವರಿಗೆ ಗೊತ್ತಾಯಿತು. ಮುಖ ಬಿಳಚಿಕೊಂಡಿತು. ನಾನು ನೆಲ ನೋಡುತ್ತಾ ಕೂತೆ, ಜನ ಈಗ ನಗುತ್ತಾರೆಂದು.

ಯಾರೂ ನಗಲಿಲ್ಲ. ಇಡೀ ಗುಡಿ ಒಂದೇ ದನಿಯಲ್ಲಿ "ಹರ ಹರ ಮಹಾದೇವ" ಅಂದಿತು. ನನ್ನ ಮುಂದೆ ಕೂತಿದ್ದ ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡು ಪಕ್ಕದವಳಿಗೆ ಮೆಲ್ಲಗೆ ಹೇಳಿದಳು:

"ಖರೆ ಅದ ನೋಡವ್ವ. ನಂದೂ ಈಗ ಅಷ್ಟೇ ಉಳದದ."